ದಾನದಿನ: ಇತಿಹಾಸ ಮತ್ತು ಮೌಲ್ಯಮಾಪನ

ಒಂದು ನಗರ, ಪ್ರಾಂತ್ಯ ಅಥವಾ ರಾಜ್ಯದ ಸ್ವಯಂಸೇವಾ ಸಂಸ್ಥೆಗಳು ಒಟ್ಟಾಗಿ, ಒಂದೇ ಜಾಲತಾಣದ ಮೂಲಕ, ಗೊತ್ತುಪಡಿಸಿದ ಒಂದು ದಿನ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವ ಕಾರ್ಯಕ್ರಮವೇ ದಾನದಿನ. ಅಮೆರಿಕದಲ್ಲಿ ಇದಕ್ಕೆ ಗಿವಿಂಗ್ ಡೇ ಎಂದು ಹೆಸರು. 2009ರಿಂದ ಅಲ್ಲಿ ಬೇರೂರಿದ ಈ ಪದ್ಧತಿಯಲ್ಲಿ ಅವಧಿ ಸಾಮಾನ್ಯವಾಗಿ 24 ಗಂಟೆ. ದಿನದ ಕೊನೆಗೆ ಪ್ರಕಟವಾಗುವ ಒಟ್ಟು ಮೊತ್ತವೇ ಯಶಸ್ಸಿನ ಗುರುತೆಂದು ಮೊದಮೊದಲು ಭಾವಿಸಲಾಗಿತ್ತು. ಆ ಮೊತ್ತದಲ್ಲಿ ಹೊಸ ಹಣವೆಷ್ಟು, ಹೊಸ ದಾನಿಗಳಲ್ಲಿ ಮರುವರ್ಷ ಉಳಿದವರೆಷ್ಟು, ಸಣ್ಣ ಸಂಸ್ಥೆಗಳಿಗೆ ದಕ್ಕಿದ್ದೇನು ಎಂಬ ಪ್ರಶ್ನೆಗಳು ಆಮೇಲೆ ಮುಂದೆ ಬಂದವು.

ಹಿನ್ನೆಲೆ

ಊರಿಗೆಲ್ಲ ಸೇರಿ ಒಂದೇ ವಂತಿಗೆ ಎಂಬ ಕಲ್ಪನೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. 1887ರಲ್ಲಿ ಡೆನ್ವರ್ ನಗರದಲ್ಲಿ ಹಲವು ಧರ್ಮಾರ್ಥ ಸಂಸ್ಥೆಗಳಿಗಾಗಿ ಒಟ್ಟಾಗಿ ಹಣ ಕೂಡಿಸುವ ವ್ಯವಸ್ಥೆ ಶುರುವಾಯಿತು. ಅದು ಮುಂದೆ ಯುನೈಟೆಡ್ ವೇ ಚಳವಳಿಯಾಗಿ ಬೆಳೆಯಿತು. 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಸ್ಥಾಪಿಸಿದ. ಊರಿನ ಅನೇಕರ ಕೊಡುಗೆಗಳನ್ನು ಒಂದೆಡೆ ಕೂಡಿಟ್ಟು ಊರಿನ ಒಳಿತಿಗೇ ಬಳಸುವ ‘ಸಮುದಾಯ ಪ್ರತಿಷ್ಠಾನ’ಗಳಲ್ಲಿ ಅದೇ ಮೊದಲನೆಯದು. ಒಂದು ಶತಮಾನದ ನಂತರ ದಾನದಿನಗಳ ಸಂಘಟಕರಾದವರು ಬಹುಪಾಲು ಇಂಥ ಪ್ರತಿಷ್ಠಾನಗಳವರೇ.

ಆರಂಭ ಮತ್ತು ವಿಸ್ತಾರ

2008ರ ಆರ್ಥಿಕ ಕುಸಿತದಿಂದ ಸ್ವಯಂಸೇವಾ ಸಂಸ್ಥೆಗಳ ಆದಾಯ ಇಳಿದು, ನೆರವು ಕೇಳಿ ಬರುವವರ ಸಂಖ್ಯೆ ಏರಿತ್ತು. ಮಿನ್ನೆಸೋಟ ರಾಜ್ಯದ ಪ್ರತಿಷ್ಠಾನಗಳು ಸೇರಿ 2009ರಲ್ಲಿ ಗಿವ್‌ಎಂಎನ್ ಎಂಬ ಜಾಲತಾಣ ತೆರೆದವು. ಅದನ್ನು ಜನರಿಗೆ ಪರಿಚಯಿಸಲು ಅದೇ ವರ್ಷ ನವೆಂಬರ್ 17ರಂದು ‘ಗಿವ್ ಟು ದ ಮ್ಯಾಕ್ಸ್ ಡೇ’ ನಡೆಯಿತು. ಒಂದೇ ದಿನದಲ್ಲಿ 38,000ಕ್ಕೂ ಹೆಚ್ಚು ದಾನಿಗಳಿಂದ 3,400ಕ್ಕೂ ಹೆಚ್ಚು ಸಂಸ್ಥೆಗಳಿಗೆ ಸುಮಾರು 1.4 ಕೋಟಿ ಡಾಲರ್ ಸಂದಾಯವಾಯಿತು. ಅದೇ ವರ್ಷ ಡಲ್ಲಾಸ್‌ನ ಕಮ್ಯುನಿಟೀಸ್ ಫೌಂಡೇಶನ್ ಆಫ್ ಟೆಕ್ಸಾಸ್ ಆರಂಭಿಸಿದ ‘ನಾರ್ತ್ ಟೆಕ್ಸಾಸ್ ಗಿವಿಂಗ್ ಡೇ’ಯ ಮೊದಲ ಸಂಗ್ರಹ 40 ಲಕ್ಷ ಡಾಲರ್. 2021ರಲ್ಲಿ ಅದು 6.6 ಕೋಟಿ ಡಾಲರ್ ಮುಟ್ಟಿತು. 2010ರಲ್ಲಿ ಕೊಲರಾಡೊ, 2012ರಲ್ಲಿ ಮಯಾಮಿ, 2013ರಲ್ಲಿ ಆಸ್ಟಿನ್ ಇದೇ ದಾರಿ ಹಿಡಿದವು.

2012ರ ನವೆಂಬರ್ 27ರಂದು ನ್ಯೂಯಾರ್ಕಿನ ‘92ನೇ ಸ್ಟ್ರೀಟ್ ವೈ’ ಮತ್ತು ಯುನೈಟೆಡ್ ನೇಷನ್ಸ್ ಫೌಂಡೇಶನ್ ಸೇರಿ ‘ಗಿವಿಂಗ್ ಟ್ಯೂಸ್‌ಡೇ’ ಆರಂಭಿಸಿದವು. ಇದಕ್ಕೆ ಊರಿನ ಗಡಿಯೂ ಇಲ್ಲ, ಕಡ್ಡಾಯವಾಗಿ ಬಳಸಬೇಕಾದ ಜಾಲತಾಣವೂ ಇಲ್ಲ. 2024ರಲ್ಲಿ ಅಮೆರಿಕವೊಂದರಲ್ಲೇ ಆ ದಿನದ ಅಂದಾಜು ದೇಣಿಗೆ 360 ಕೋಟಿ ಡಾಲರ್.

ಕಾರ್ಯವಿಧಾನ

ಸಂಸ್ಥೆಗಳು ಮೊದಲೇ ನೋಂದಾಯಿಸಿಕೊಂಡು ತಮ್ಮ ಕೆಲಸದ ವಿವರವನ್ನು ಜಾಲತಾಣಕ್ಕೆ ಏರಿಸುತ್ತವೆ. ಪ್ರತಿಷ್ಠಾನ ಅವುಗಳ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಪ್ರಾಯೋಜಕರ ಹಣದಿಂದ ಪ್ರೋತ್ಸಾಹ ನಿಧಿ ಸಿದ್ಧವಾಗುತ್ತದೆ. ಇದರ ಹಂಚಿಕೆಯ ಕ್ರಮ ಊರಿಂದೂರಿಗೆ ಬೇರೆ. ಮಿನ್ನೆಸೋಟದಲ್ಲಿ ಗಂಟೆಗೊಮ್ಮೆ ಒಬ್ಬ ದಾನಿಯ ಹೆಸರನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಆತ ಹತ್ತೇ ಡಾಲರ್ ಕೊಟ್ಟಿರಲಿ, ಆತ ಮೆಚ್ಚಿದ ಸಂಸ್ಥೆಗೆ ಹೆಚ್ಚುವರಿ ಮೊತ್ತ ಸಲ್ಲುತ್ತದೆ. ಇದಕ್ಕೆ ‘ಗೋಲ್ಡನ್ ಟಿಕೆಟ್’ ಎನ್ನುತ್ತಾರೆ. ಕೊಲರಾಡೊದಲ್ಲಿ ಪ್ರೋತ್ಸಾಹ ನಿಧಿಯನ್ನು ಪ್ರತಿ ಸಂಸ್ಥೆ ಸಂಗ್ರಹಿಸಿದ ಮೊತ್ತಕ್ಕೆ ಅನುಗುಣವಾಗಿ ಹಂಚುತ್ತಾರೆ. ಮೊದಲನೆಯ ಕ್ರಮದಲ್ಲಿ ಸಣ್ಣ ದಾನಿಗೂ ಅವಕಾಶವುಂಟು. ಎರಡನೆಯದರಲ್ಲಿ ಹೆಚ್ಚು ಕೂಡಿಸಿದವರಿಗೇ ಹೆಚ್ಚು ಪಾಲು.

ಮೌಲ್ಯಮಾಪನ

ಆರಂಭದ ಅಧ್ಯಯನಗಳಲ್ಲಿ ಕೇಸ್ ಫೌಂಡೇಶನ್‌ನ ಪಾತ್ರ ದೊಡ್ಡದು. 2009ರ ‘ಅಮೆರಿಕಾಸ್ ಗಿವಿಂಗ್ ಚಾಲೆಂಜ್’ ಎಂಬ ಅಂತರ್ಜಾಲ ದೇಣಿಗೆ ಸ್ಪರ್ಧೆಯ ಮೌಲ್ಯಮಾಪನವನ್ನು ಬೆತ್ ಕ್ಯಾಂಟರ್ ಮತ್ತು ಆಲಿಸನ್ ಫೈನ್ ಅವರಿಂದ ಮಾಡಿಸಿ ಅದು ಪ್ರಕಟಿಸಿತು. ನೈಟ್ ಫೌಂಡೇಶನ್ ಹಲವು ನಗರಗಳ ದಾನದಿನಗಳಿಗೆ ನೆರವಾಗಿ, ಅನುಭವಗಳನ್ನು ಕೈಪಿಡಿಯ ರೂಪದಲ್ಲಿ ಹೊರತಂದಿತು.

ಒಟ್ಟು ಮೊತ್ತ ಎಷ್ಟನ್ನು ಮರೆಸಬಲ್ಲದು ಎಂಬುದಕ್ಕೆ ಮಿನ್ನೆಸೋಟದ ಮೊದಲ ದಿನದ ಲೆಕ್ಕವೇ ಸಾಕು. 1.4 ಕೋಟಿ ಡಾಲರನ್ನು ಸಮನಾಗಿ ಹಂಚಿದರೆ ಸಂಸ್ಥೆಯೊಂದಕ್ಕೆ ಸುಮಾರು 4,000 ಡಾಲರ್ ಬರುತ್ತದೆ. ಹಣ ಹಾಗೆ ಸಮನಾಗಿ ಹರಿಯುವುದಿಲ್ಲ. ದೊಡ್ಡ ದಾನಿಪಟ್ಟಿ, ಪೂರ್ಣಾವಧಿ ಸಿಬ್ಬಂದಿ ಇರುವ ಸಂಸ್ಥೆ ಸಂಗ್ರಹದ ಶ್ರೇಯಾಂಕಪಟ್ಟಿಯ ಮೇಲ್ತುದಿಗೆ ಸುಲಭವಾಗಿ ಏರುತ್ತದೆ. ಇಬ್ಬರು ಸ್ವಯಂಸೇವಕರಿಂದ ನಡೆಯುವ ಸಂಸ್ಥೆಗೆ ಅಷ್ಟು ಶಕ್ತಿ ಇರುವುದಿಲ್ಲ. ಆದ್ದರಿಂದ ಸಂಸ್ಥೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಬಹುಮಾನ ಕೊಡುವ, ಗಾತ್ರವಾರು ಫಲಿತಾಂಶ ನೋಡುವ ಪದ್ಧತಿ ಬಂತು.

ಎರಡನೆಯ ಪ್ರಶ್ನೆ, ವರ್ಷಾಂತ್ಯಕ್ಕೆ ಹೇಗೂ ಬರುತ್ತಿದ್ದ ದೇಣಿಗೆಯೇ ಆ ದಿನಕ್ಕೆ ಸರಿದು ಬಂತೇ ಎಂಬುದು. ಒಂದು ದಿನದ ಅಂಕಿಯಿಂದ ಇದಕ್ಕೆ ಉತ್ತರ ಸಿಗದು. ಸಂಸ್ಥೆಯ ಇಡೀ ವರ್ಷದ ಲೆಕ್ಕವನ್ನು ಹಿಂದಿನ ವರ್ಷಗಳ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟನ್ನಿನ ವಿಪತ್ತು ಪರಿಹಾರ ಮನವಿಗಳ ಬಗ್ಗೆ ಶಾರ್ಫ್, ಸ್ಮಿತ್ ಮತ್ತು ಒಟ್ಟೋನಿ-ವಿಲ್ಹೆಲ್ಮ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮನವಿಗಳಿಂದ ಒಟ್ಟು ದಾನ ಹೆಚ್ಚಿದ್ದೂ ಇತರ ಸಂಸ್ಥೆಗಳಿಗೆ ಕೊಡುವ ಹೊತ್ತು ಹಿಂದುಮುಂದಾದದ್ದೂ ಕಂಡಿತು. ಅದು ದಾನದಿನದ ಅಧ್ಯಯನವಲ್ಲ. ಆದರೂ ಹೆಚ್ಚಳ ಮತ್ತು ಸ್ಥಳಾಂತರವನ್ನು ಬೇರೆಬೇರೆಯಾಗಿ ಅಳೆಯಬೇಕೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ.

ಪ್ರೋತ್ಸಾಹ ನಿಧಿಯ ಬಗ್ಗೆ ಕಾರ್ಲನ್ ಮತ್ತು ಲಿಸ್ಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಉಪಯುಕ್ತ. ದಾನಿಯ ಹಣಕ್ಕೆ ಸಮನಾದ ಮೊತ್ತವನ್ನು ಬೇರೊಬ್ಬರು ಸೇರಿಸುತ್ತಾರೆಂದು ತಿಳಿಸಿದಾಗ ಪ್ರತಿ ಮನವಿಪತ್ರದ ಗಳಿಕೆ ಶೇ. 19ರಷ್ಟು ಹೆಚ್ಚಿತು, ಎರಡುಪಟ್ಟು, ಮೂರುಪಟ್ಟು ಸೇರಿಸುತ್ತೇವೆಂದಾಗ ಅದಕ್ಕಿಂತ ಹೆಚ್ಚೇನೂ ಬರಲಿಲ್ಲ. ಪ್ರೋತ್ಸಾಹ ನಿಧಿಯನ್ನು ಸುಮ್ಮನೆ ಹಿಗ್ಗಿಸಿದ ಮಾತ್ರಕ್ಕೆ ದಾನ ಹಿಗ್ಗದಿರಬಹುದು ಎಂಬುದಕ್ಕೆ ಇದೊಂದು ಸೂಚನೆ.

ಒಂದೇ ಜಾಲತಾಣವನ್ನು ನೆಚ್ಚಿಕೊಳ್ಳುವ ಅಪಾಯವೂ ಲೆಕ್ಕಕ್ಕೆ ಬರಬೇಕು. 2013ರಲ್ಲಿ ಮಿನ್ನೆಸೋಟದ ಜಾಲತಾಣ ಹಲವು ಗಂಟೆ ಕೈಕೊಟ್ಟರೂ ಸಂಗ್ರಹ 1.7 ಕೋಟಿ ಡಾಲರ್ ದಾಟಿತು. ಹಣ ಕೊಡಲು ಬಂದು ಬೇಸತ್ತು ಮರಳಿದವರು ಆ ಮೊತ್ತದಲ್ಲಿ ಕಾಣುವುದಿಲ್ಲ. 2016ರ ಮೇ 3ರಂದು ಅನೇಕ ಊರುಗಳು ಒಂದೇ ದಿನ ನಡೆಸುತ್ತಿದ್ದ ‘ಗಿವ್ ಲೋಕಲ್ ಅಮೆರಿಕ’ದ ತಂತ್ರಾಂಶ ಕುಸಿದು, ಆ ಊರುಗಳ ದಾನದಿನಕ್ಕೆ ಏಕಕಾಲಕ್ಕೆ ಅಡ್ಡಿಯಾಯಿತು.

ಭಾರತದಲ್ಲಿ

ಭಾರತದಲ್ಲಿ 2009ರಲ್ಲೇ ‘ಜಾಯ್ ಆಫ್ ಗಿವಿಂಗ್ ವೀಕ್’ ಆರಂಭವಾಯಿತು. ಈಗ ‘ದಾನ್ ಉತ್ಸವ’ ಎಂಬ ಹೆಸರಿನಲ್ಲಿ ಅಕ್ಟೋಬರ್ 2ರಿಂದ 8ರವರೆಗೆ ನಡೆಯುತ್ತದೆ. ಹಣದೊಂದಿಗೆ ಸಮಯ, ವಸ್ತು, ಕೌಶಲಗಳ ಕೊಡುಗೆಗೂ ಇಲ್ಲಿ ಸಮಾನ ಸ್ಥಾನವಿರುವುದರಿಂದ ರೂಪಾಯಿಯ ಲೆಕ್ಕವೊಂದೇ ಇದಕ್ಕೆ ಅಳತೆಗೋಲಾಗದು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವರ್ಲ್ಡ್ 10ಕೆ ಓಟವೂ ಹಲವು ಸ್ವಯಂಸೇವಾ ಸಂಸ್ಥೆಗಳ ನಿಧಿಸಂಗ್ರಹಕ್ಕೆ ಒಂದೇ ವೇದಿಕೆಯಾಗಿದೆ.

ಮಹತ್ವ

ಊರಿನ ಸಣ್ಣಪುಟ್ಟ ಸಂಸ್ಥೆಗಳ ಹೆಸರು, ಕೆಲಸ, ಅಗತ್ಯಗಳು ಒಂದೇ ಕಡೆ ಜನರ ಕಣ್ಣಿಗೆ ಬೀಳುವುದು ದಾನದಿನದ ನಿಜವಾದ ಲಾಭ. ಆದರೆ ಅಮೆರಿಕದಲ್ಲಿ ಮೊದಲ ಬಾರಿ ಕೊಟ್ಟವರಲ್ಲಿ ಮರುವರ್ಷ ಅದೇ ಸಂಸ್ಥೆಗೆ ಮತ್ತೆ ಕೊಡುವವರು ಐವರಲ್ಲಿ ಒಬ್ಬರ ಆಸುಪಾಸು ಮಾತ್ರ. ಆದ್ದರಿಂದ ದಾನಿಗೆ ಕೃತಜ್ಞತೆ ಹೇಳಿ, ಹಣದ ವಿನಿಯೋಗವನ್ನು ವರದಿ ಮಾಡಿ, ಸಂಬಂಧ ಉಳಿಸಿಕೊಳ್ಳುವ ಕೆಲಸಕ್ಕೂ ಸಂಘಟಕರು ಬಜೆಟ್ ಮೀಸಲಿಡಬೇಕು. ಸಂಗ್ರಹದ ಅಂಕಿಯ ಜೊತೆಗೆ ಮರಳಿ ಬಂದ ದಾನಿಗಳ ಸಂಖ್ಯೆ, ಶುಲ್ಕ ಮತ್ತು ಸಿಬ್ಬಂದಿಯ ಶ್ರಮದ ವೆಚ್ಚ, ಸಣ್ಣ ಸಂಸ್ಥೆಗಳ ಪಾಲು ಇವಿಷ್ಟನ್ನೂ ಪ್ರಕಟಿಸಿದ ದಾನದಿನವನ್ನು ಮಾತ್ರ ಸಫಲವೆಂದೋ ವಿಫಲವೆಂದೋ ತೀರ್ಮಾನಿಸಲು ಸಾಧ್ಯ.