ಮಡಚುವ ಚಾಕು ಎಷ್ಟು ಭಾರ ತಾಳಬೇಕು?



ಮನೆಯಲ್ಲೊಂದು ಮಡಚುವ ಚಾಕು ಇದ್ದರೆ ಅದಕ್ಕೆ ಬೀಳುವ ಕೆಲಸಗಳಿಗೆ ಲೆಕ್ಕವಿಲ್ಲ. ಪಾರ್ಸೆಲ್ ಬಿಚ್ಚಲು ಅದೇ, ಹಗ್ಗ ಕತ್ತರಿಸಲು ಅದೇ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು, ಸ್ಕ್ರೂ ತಿರುಗಿಸಲು, ಒಮ್ಮೊಮ್ಮೆ ತೆಂಗಿನಕಾಯಿಯ ನಾರು ಕೀಳಲೂ ಅದೇ. ಒಂದು ದಿನ ಅದು ಅಲ್ಲಾಡತೊಡಗುತ್ತದೆ, ಇಲ್ಲವೇ ತಟ್ಟನೆ ಮಡಚಿ ಬೆರಳನ್ನೇ ಕಚ್ಚುತ್ತದೆ. ಆಗ ನಾವು ಬೈಯುವುದು ಚಾಕುವನ್ನು. ‘ಕಬ್ಬಿಣ ಸರಿಯಿಲ್ಲ’ ಎನ್ನುತ್ತೇವೆ. ಆದರೆ ಅಂಥ ಹೊತ್ತಿನಲ್ಲಿ ಸೋತಿರುವುದು ಹೆಚ್ಚಾಗಿ ಅಲಗಲ್ಲ, ಕೀಲು. ಹಾಗಾದರೆ ಇಂಥ ಚಾಕು ಎಷ್ಟು ಭಾರ ತಾಳಬೇಕು ಎಂದು ನಿರೀಕ್ಷಿಸುವುದು ನ್ಯಾಯ? ಉತ್ತರಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಮೊದಲು ನಮ್ಮ ಊರಿನ ಕಡೆಯಿಂದಲೇ ಶುರು ಮಾಡೋಣ. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನ ಮುಂಬಯಿ ಕನ್ನಡಿಗರಿಗೆ, ತುಳುವರಿಗೆ ಗೊತ್ತಿರುವ ಜಾಗ. ಆ ಸಮಾಜದ ಹಿರಿಯರಲ್ಲಿ ಅನೇಕರು ತುಳುನಾಡಿನಲ್ಲಿ ಮೂರ್ತೆದಾರಿಕೆ ಮಾಡಿದವರು. ತಾಳೆ, ತೆಂಗಿನ ಮರವೇರಿ ಹೊಂಬಾಳೆಯ ತುದಿಯನ್ನು ದಿನಕ್ಕೆ ಎರಡು ಮೂರು ಬಾರಿ ಎಲೆಯಷ್ಟು ತೆಳ್ಳಗೆ ಸವರುವ ಕೆಲಸ ಅದು. ಅದಕ್ಕೆ ಬೇಕಾದ ಕತ್ತಿ ಅಗಲವಾದದ್ದು, ಕೂದಲು ಸೀಳುವಷ್ಟು ಹರಿತವಾದದ್ದು. ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗುವ ಆ ಕತ್ತಿ ಮಡಚುವುದಿಲ್ಲ. ಮರದ ತುದಿಯಲ್ಲಿ ಒಂದು ಕೈಯ ಆಸರೆಯಲ್ಲಿ ನಿಂತವನಿಗೆ ಕೀಲು ಸಡಿಲವಾಗುವ ಆಯುಧ ಬೇಡ. ಕೊಡಗಿನವರ ಒಡಿಕತ್ತಿ, ಪೀಚೆಕತ್ತಿಗಳೂ ಹಾಗೆಯೇ. ಅಡಿಗೆಮನೆಯ ಈಳಿಗೆಮಣೆಯೂ ಅಲಗು ಗಟ್ಟಿಯಾಗಿ ನಿಂತು ನಾವು ತರಕಾರಿಯನ್ನು ಅದಕ್ಕೆ ಒತ್ತುವ ಉಪಕರಣ. ಅಂದರೆ ಭಾರದ ಕೆಲಸಕ್ಕೆ ನಮ್ಮ ಹಿರಿಯರು ಆರಿಸಿಕೊಂಡದ್ದು ಅಲಗಿನ ಬಾಲ ಹಿಡಿಯೊಳಗೆ ಇಳಿದು ಕೂತ ಕತ್ತಿಯನ್ನು.

ಹಾಗೆಂದು ಕೀಲು ನಮಗೆ ಹೊಸದಲ್ಲ. ಅಜ್ಜಿಯ ಎಲೆಯಡಿಕೆ ತಟ್ಟೆಯ ಅಡಕತ್ತರಿ ನೆನಪಿಸಿಕೊಳ್ಳಿ. ಒಂದೇ ಒಂದು ರಿವೆಟ್, ಆದರೂ ಕಲ್ಲಿನಂಥ ಅಡಿಕೆಯನ್ನು ತಲೆಮಾರುಗಟ್ಟಲೆ ಕತ್ತರಿಸುತ್ತದೆ. ಅಲ್ಲಿ ಅಡಿಕೆ ಕೀಲಿನ ಪಕ್ಕದಲ್ಲೇ ಕೂರುತ್ತದೆ, ನಮ್ಮ ಕೈ ದೂರದಲ್ಲಿರುತ್ತದೆ. ಸನ್ನೆಗೋಲಿನ ಲಾಭ ಪೂರ್ತಿ ನಮಗೆ. ಜೊತೆಗೆ ಎರಡು ಕಾಲುಗಳೂ ನಮ್ಮ ಮುಷ್ಟಿಯಲ್ಲೇ ಇರುವುದರಿಂದ ಕೀಲು ಅಡ್ಡಡ್ಡ ತಿರುಚಿಕೊಳ್ಳುವ ಪ್ರಸಂಗ ಬರುವುದೇ ಕಡಿಮೆ.

ಮಡಚುವ ಚಾಕಿನಲ್ಲಿ ಇದೇ ಲೆಕ್ಕ ತಿರುವುಮುರುವು. ಅಲಗು 70 ಮಿಲಿಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಅದರ ಬುಡ ಹಿಡಿಯೊಳಗೆ ತಾಗಿ ನಿಲ್ಲುವ ಜಾಗ ಕೀಲಿನಿಂದ 7 ಮಿಲಿಮೀಟರ್ ದೂರ. ಮೊನೆಯ ಮೇಲೆ 5 ಕಿಲೋ ಭಾರ ಬಿದ್ದರೆ ಬುಡದಲ್ಲಿ 50 ಕಿಲೋ ಬೀಳುತ್ತದೆ. ಸನ್ನೆಗೋಲು ಈಗ ನಮ್ಮ ಚಾಕಿನ ವಿರುದ್ಧವೇ ಕೆಲಸ ಮಾಡುತ್ತಿದೆ.

ಭಾರ ಬರುವ ದಿಕ್ಕು ಮೂರು. ಬಾಯಿಯ ಕಡೆಯಿಂದ ಕತ್ತರಿಸುವಾಗ ಅಲಗು ಹಿಂದಕ್ಕೆ ಒತ್ತಿಕೊಂಡು ಹಿಡಿಗೆ ಆನಿಸಿ ನಿಲ್ಲುತ್ತದೆ. ಇದನ್ನು ಒಳ್ಳೆಯ ಚಾಕು ಚೆನ್ನಾಗಿಯೇ ತಾಳುತ್ತದೆ. ಬೆನ್ನಿನ ಕಡೆಯಿಂದ ಭಾರ ಬಿದ್ದರೆ ಅಲಗು ಮಡಚಿಕೊಳ್ಳಲು ನೋಡುತ್ತದೆ. ಅಲ್ಲಿ ನಮ್ಮ ಬೆರಳುಗಳಿವೆ. ಮೂರನೆಯದು ಪಕ್ಕದ ಭಾರ. ಮೀಟುವಾಗ, ತಿರುಚುವಾಗ ಎಲ್ಲ ಒತ್ತಡವೂ ಕಡ್ಡಿಯಷ್ಟು ದಪ್ಪದ ಒಂದು ರಿವೆಟ್ಟಿನ ಮೇಲೆ. ಚಾಕು ಹಾಳಾಗುವುದು ಹೆಚ್ಚಾಗಿ ಈ ಮೂರನೆಯ ದಾರಿಯಲ್ಲಿ.

ಮಡಚುವ ಚಾಕಿನ ಚರಿತ್ರೆಯೆಂದರೆ ಈ ದೌರ್ಬಲ್ಯದ ಜೊತೆಗಿನ ಗುದ್ದಾಟ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿರುವ ಮಡಚುವ ಚಾಕಿಗೆ ಸುಮಾರು 2500 ವರ್ಷ ವಯಸ್ಸು. ರೋಮನ್ನರಲ್ಲೂ ಇಂಥವು ಇದ್ದವು. ಇಂಗ್ಲೆಂಡಿನ ಶೆಫೀಲ್ಡ್ ಕಮ್ಮಾರರು ಹಿಡಿಯ ಬೆನ್ನಿಗೆ ಸ್ಪ್ರಿಂಗ್ ಪಟ್ಟಿ ಕೂರಿಸಿ ಅಲಗು ತನ್ನಷ್ಟಕ್ಕೆ ಮಡಚದಂತೆ ಮಾಡಿದರು. ಹಕ್ಕಿಗರಿಯ ಲೇಖನಿಯನ್ನು ಚೂಪು ಮಾಡಲು ಬಳಸಿದ್ದರಿಂದ ‘ಪೆನ್‌ನೈಫ್’ ಎಂಬ ಹೆಸರೂ ಬಂತು. ನೋಡಿ, ಹೆಸರಿನಲ್ಲೇ ಕೆಲಸದ ಅಳತೆ ಇದೆ: ಒಂದು ಗರಿಯ ತುದಿ.

1890ರಲ್ಲಿ ಫ್ರಾನ್ಸಿನ ಸವೊಯ್ ಪ್ರಾಂತದ ಜೋಸೆಫ್ ಒಪಿನೆಲ್ ಮರದ ಹಿಡಿಯ ಸರಳ ಚಾಕು ಮಾಡಿದ. ರೈತರು, ಕುರಿಗಾಹಿಗಳು ಅದನ್ನು ಬೀಗವಿಲ್ಲದೆಯೇ 65 ವರ್ಷ ಬಳಸಿದರು. ಅಲಗು ತೆರೆದಾಗ ಬಿಗಿಯಾಗಿ ನಿಲ್ಲಿಸುವ ತಿರುಗುವ ಬಳೆ ಬಂದದ್ದು 1955ರಲ್ಲಿ. ಅಮೆರಿಕದ ಬಕ್ ಕಂಪನಿ 1960ರ ದಶಕದಲ್ಲಿ ತನ್ನ 110 ಎಂಬ ಮಾದರಿಯಲ್ಲಿ ಬೇಟೆಗಾರರಿಗಾಗಿ ಬೆನ್ನಿನಲ್ಲೇ ಗಟ್ಟಿ ಬೀಗ ಇಟ್ಟಿತು. ಆದರೆ ಒಂದು ಮಾತು ಗಮನಿಸಿ. ಈ ಬೀಗಗಳೆಲ್ಲ ಎರಡನೆಯ ದಿಕ್ಕಿನ ಭಾರಕ್ಕೆ ಮದ್ದು. ಮೂರನೆಯದಕ್ಕೆ, ಅಂದರೆ ಮೀಟುವುದಕ್ಕೆ, ಬೀಗ ಮದ್ದಲ್ಲ.

ಅದಕ್ಕೆ ಮದ್ದು ಹುಡುಕಿದವರು ಸ್ವಿಸ್ ಸೈನ್ಯದವರು. ಅವರ ಸೈನಿಕನಿಗೆ 1889ರ ಮಾದರಿಯ ಹೊಸ ಬಂದೂಕನ್ನು ಬಿಚ್ಚಬೇಕಿತ್ತು, ಆಹಾರದ ಡಬ್ಬಿ ತೆರೆಯಬೇಕಿತ್ತು. ಎರಡನ್ನೂ ಅಲಗಿನ ಮೊನೆಯಿಂದ ಮಾಡಹೊರಟರೆ ಚಾಕು ಉಳಿಯುವುದಿಲ್ಲ. ಹಾಗಾಗಿ ಸೈನಿಕರ ಚಾಕಿನಲ್ಲಿ ಅಲಗಿನ ಜೊತೆಗೆ ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ, ತೂತು ಕೊರೆಯುವ ದಬ್ಬಳ ಸೇರಿದವು. ಈ ಕೆಲಸವನ್ನು 1891ರಿಂದ ಸ್ವಿಟ್ಜರ್ಲೆಂಡಿನಲ್ಲೇ ಮಾಡತೊಡಗಿದವನು ಕಾರ್ಲ್ ಎಲ್ಸೆನರ್. ಅವನ ಕಂಪನಿಯೇ ಇಂದಿನ ವಿಕ್ಟೋರಿನಾಕ್ಸ್. ತಾಯಿ ವಿಕ್ಟೋರಿಯಾಳ ಹೆಸರಿಗೆ ತುಕ್ಕುಹಿಡಿಯದ ಉಕ್ಕಿನ ‘ಇನಾಕ್ಸ್’ ಸೇರಿ 1921ರಲ್ಲಿ ಆದ ಹೆಸರದು. ಇಷ್ಟೊಂದು ಉಪಕರಣಗಳನ್ನು ಕಂಡು ನಾವು ಆಡಂಬರವೆಂದು ನಗುತ್ತೇವೆ. ನಿಜವಾಗಿ ಅದು ಅಲಗಿಗೆ ಕೊಟ್ಟ ರಜೆ. ಅಲಗು ಕತ್ತರಿಸಲಿ, ಮೀಟುವುದಕ್ಕೆ ಬೇರೆಯವನಿದ್ದಾನೆ ಎಂಬ ವಿವೇಕ. ಸ್ವಿಸ್ ಸೈನಿಕರಿಗೆ ಬೀಗವಿರುವ ಅಲಗಿನ ಚಾಕು ಸಿಕ್ಕಿದ್ದು ಬಹಳ ತಡವಾಗಿ, 2009ರಿಂದ.

ಮುಂಬಯಿಯಲ್ಲಿ ಚಾಕು ಎಂದರೆ ಥಟ್ಟನೆ ನೆನಪಾಗುವುದು ರಾಂಪುರಿ. ಉತ್ತರ ಪ್ರದೇಶದ ರಾಂಪುರದ ಈ ಚಾಕನ್ನು ಹಿಂದಿ ಸಿನಿಮಾಗಳ ಖಳರು ಮನೆಮಾತಾಗಿಸಿದರು. ಒಂಬತ್ತು ಹತ್ತು ಅಂಗುಲದ ಅಲಗು, ತೆರೆದಾಗಿನ ಆ ಸದ್ದು! ಅಂಜಿಸಲು ಅದು ಸಾಕು. ಆದರೆ ಮೇಲಿನ ಲೆಕ್ಕ ಮರೆಯಬೇಡಿ: ಅಲಗು ಉದ್ದವಾದಷ್ಟೂ ಕೀಲಿನ ಮೇಲೆ ಭಾರ ಹೆಚ್ಚು. ಉದ್ದಕ್ಕೂ ತಾಳಿಕೆಗೂ ಸಂಬಂಧವಿಲ್ಲ. 1990ರ ದಶಕದಲ್ಲಿ ಉದ್ದ ಅಲಗಿಗೆ ನಿರ್ಬಂಧ ಬಂದ ಮೇಲೆ ಆ ಕಸುಬು ಸೊರಗಿತು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಇಪ್ಪತ್ತು ಅಡಿಯ ಚಾಕಿನ ಪ್ರತಿಕೃತಿ ನಿಲ್ಲಿಸಿದ್ದಾರೆ.

ಕಾನೂನು ಕೂಡ ಚಾಕನ್ನು ಅಳೆದಿದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ 1962ರಲ್ಲಿ ಬಂದ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸಿ, ಮನೆಗೆಲಸ, ಬೇಸಾಯಗಳ ಕತ್ತಿಯನ್ನು ಹೊರಗಿಟ್ಟವು. ಇಂಗ್ಲೆಂಡಿನಲ್ಲಿ 1988ರ ಕಾಯಿದೆ 3 ಅಂಗುಲದೊಳಗಿನ ಮಡಚುವ ಚಾಕಿಗೆ ವಿನಾಯಿತಿ ಕೊಟ್ಟಿತು. ಬೀಗ ಬಿದ್ದು ನಿಲ್ಲುವ ಚಾಕು ಆ ವಿನಾಯಿತಿಗೆ ಬಾರದು ಎಂದು 1993ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಲಂಡನ್ನಿನಲ್ಲಿ ಓದುವ ಮಕ್ಕಳಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ನಮ್ಮ ಸಾಂತಾಕ್ರೂಜ್ ಹೆಸರಿನಲ್ಲೇ ದಶಕಗಳ ಕಾಲ ಕರೆಸಿಕೊಂಡ ವಿಮಾನ ನಿಲ್ದಾಣ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣಕಾರರ ಬಳಿ ಚಾಕುಗಳೂ ಇದ್ದವು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರವರೆಗೆ 4 ಅಂಗುಲಕ್ಕಿಂತ ಚಿಕ್ಕ ಅಲಗನ್ನು ವಿಮಾನದೊಳಗೆ ಒಯ್ಯಲು ಅಡ್ಡಿಯಿರಲಿಲ್ಲ. ಆ ದಿನದ ನಂತರ ಜೇಬಿನ ಚಾಕಿನ ಸಹಜ ಬದುಕು ಮುಗಿಯಿತು. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಮಾರಾಟ ನಿಂತು ವಿಕ್ಟೋರಿನಾಕ್ಸ್ ಕೂಡ ದೊಡ್ಡ ಪೆಟ್ಟು ತಿಂದಿತು. ಮಂಗಳೂರಿಗೆ ಹಾರುವವರು ಚಾಕನ್ನು ಕೈಚೀಲದಲ್ಲಿಡದೆ ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲೇ ಇಡಬೇಕು.

ಹಾಗಾದರೆ ನ್ಯಾಯವಾದ ನಿರೀಕ್ಷೆ ಯಾವುದು? ಒಳ್ಳೆಯ ಮಡಚುವ ಚಾಕು ಹಗ್ಗ, ರಟ್ಟು, ಹಣ್ಣು, ಪೆನ್ಸಿಲ್, ಹಸಿ ಕಡ್ಡಿ ಕತ್ತರಿಸುತ್ತ ವರ್ಷಗಟ್ಟಲೆ ಬಾಳಬೇಕು. ಸಾವಿರಾರು ಬಾರಿ ತೆರೆದು ಮುಚ್ಚಿದರೂ ಅಲಗು ಪಕ್ಕಕ್ಕೆ ವಾಲಬಾರದು. ಬೀಗವಿದ್ದರೆ ಅದು ಪ್ರತಿ ಸಲವೂ ಪೂರ್ತಿ ಬೀಳಬೇಕು. ಇಷ್ಟು ಆಗದಿದ್ದರೆ ಅಂಗಡಿಯವನನ್ನು ಕೇಳಿ, ಅದು ನಿಮ್ಮ ಹಕ್ಕು. ಆದರೆ ಡಬ್ಬಿ ಮೀಟಿ, ಸುತ್ತಿಗೆಯಿಂದ ಬಡಿದು, ಕಾಯಿ ಸುಲಿದು ಕೀಲು ಹೋದರೆ ಅವನನ್ನು ಕೇಳಬೇಡಿ. ಕಾಯಿಗೆ ಕತ್ತಿಯಿದೆ, ಸ್ಕ್ರೂಗೆ ಸ್ಕ್ರೂಡ್ರೈವರ್ ಇದೆ.

ಕೊನೆಗೊಂದು ಸಣ್ಣ ಮಾತು. ಮುಂಬಯಿಯ ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಕಾಣುವ ಅಲಗಿಗಲ್ಲ, ಒಳಗಿನ ಕೀಲಿಗೆ. ಜೂನ್ ಬರುವ ಮೊದಲು ಕಸ ತೆಗೆದು, ಒಣಗಿಸಿ, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ತೆರೆದು ಪಕ್ಕಕ್ಕೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲುಗಾಟ ಕಂಡರೆ ಅದನ್ನು ಕಾಗದ ಕತ್ತರಿಸುವ ಕೆಲಸಕ್ಕೆ ನಿವೃತ್ತಿಗೊಳಿಸಿ. ಚಾಕು ಹೋದರೆ ಇನ್ನೊಂದು ಕೊಳ್ಳಬಹುದು, ಬೆರಳು ಹಾಗಲ್ಲ.