ಗುಳಿಗೆಯ ರೂಪದಲ್ಲಿ ವಿಷ: ಗುರುತಿಸುವುದು ಹೇಗೆ, ಚಿಕಿತ್ಸೆ ಏನು?

ಸಿದ್ಧಕಟ್ಟೆ: ಬಸ್ ನಿಲ್ದಾಣದ ಶೌಚಾಲಯ. ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಯುವತಿಯೊಬ್ಬಳ ಶವ. ಮೈಮೇಲೆ ಗಾಯವಿಲ್ಲ, ಗುರುತು ಹೇಳುವವರಿಲ್ಲ. 2009ರವರೆಗಿನ ಕೆಲವು ವರ್ಷಗಳಲ್ಲಿ ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನಗಳಲ್ಲಿ ಹೀಗೆ ಒಂದಾದ ಮೇಲೊಂದು ಶವ ದೊರೆತವು. ಆಯಾ ಠಾಣೆಯವರು ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡರು. ವಿಷ ಸೇವಿಸಿದ್ದು ಆಕೆಯೇ ಎಂದ ಮೇಲೆ ಅದು ಆತ್ಮಹತ್ಯೆ ಎಂಬ ಭಾವನೆ ಸಹಜವಾಗಿತ್ತು.

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿ ನಾಪತ್ತೆಯಾದ ಪ್ರಕರಣದ ಬೆನ್ನು ಹತ್ತಿದ ಪೊಲೀಸರು ಮೊಬೈಲ್ ಕರೆಗಳ ಜಾಡಿನಿಂದ ತಲುಪಿದ್ದು ಇದೇ ತಾಲ್ಲೂಕಿನ ಕನ್ಯಾನದ ಮಾಜಿ ಶಿಕ್ಷಕ ಮೋಹನ್ ಕುಮಾರ್‌ನನ್ನು. ಮದುವೆಯ ಆಸೆ ತೋರಿಸಿ ವಸತಿಗೃಹಕ್ಕೆ ಕರೆದೊಯ್ದು, ಮರುದಿನ ಗರ್ಭನಿರೋಧಕವೆಂದು ನಂಬಿಸಿ ಸಯನೈಡ್ ಕೊಡುತ್ತಿದ್ದ. ವಾಂತಿ ಬರಬಹುದು, ಶೌಚಾಲಯದಲ್ಲಿ ನುಂಗು ಎನ್ನುತ್ತಿದ್ದ. ಬಳಿಕ ಒಡವೆಗಳೊಡನೆ ಪರಾರಿ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು. ಒಂದು ಪ್ರಕರಣದ ಗಲ್ಲನ್ನು ಹೈಕೋರ್ಟ್ 2017ರಲ್ಲಿ ಜೀವಾವಧಿಗೆ ಇಳಿಸಿತು. 20ನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಚಿಲಕ ಒಳಗಿನಿಂದ ಹಾಕಿತ್ತು ನಿಜ. ಗುಳಿಗೆ ಕೊಟ್ಟವನು ಹೊರಗಿದ್ದ. ಆದ್ದರಿಂದ ವಿಷ ಸೇವನೆಯ ಪ್ರತಿಯೊಂದು ಪ್ರಕರಣದಲ್ಲಿಯೂ ವೈದ್ಯರು, ಪೊಲೀಸರು ಕೇಳಬೇಕಾದದ್ದು ‘ಏನು ನುಂಗಿದಳು’ ಎಂದಷ್ಟೇ ಅಲ್ಲ. ‘ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು’ ಎಂದು. ಈ ಪ್ರಶ್ನೆಯನ್ನು ಜತೆಗೆ ಬಂದವರನ್ನು ಹೊರಗೆ ಕಳುಹಿಸಿಯೇ ಕೇಳಬೇಕು. ಕರೆತಂದವನೇ ಆರೋಪಿಯಾಗಿರುವ ಸಾಧ್ಯತೆಯೂ ಇದೆ.

ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದೂ ಶರೀರ ಉಸಿರುಗಟ್ಟುತ್ತದೆ. ತಲೆನೋವು, ಏದುಸಿರು, ಗೊಂದಲ, ಸೆಳೆತ, ಕುಸಿತ ಎಲ್ಲವೂ ಕೆಲವೇ ನಿಮಿಷಗಳಲ್ಲಿ. ಅಭಿಧಮನಿಯ ರಕ್ತವೂ ಕೆಂಪಾಗಿ ಕಾಣಬಹುದು. ಲ್ಯಾಕ್ಟೇಟ್ ಪ್ರಮಾಣ ವಿಪರೀತ ಏರಿರುತ್ತದೆ. ಕಹಿ ಬಾದಾಮಿಯ ವಾಸನೆಯನ್ನು ನೆಚ್ಚಿ ಕೂರುವಂತಿಲ್ಲ, ಅದನ್ನು ಗ್ರಹಿಸುವ ಶಕ್ತಿ ಹಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ವರದಿಗೆ ಕಾಯದೆ ಶೇ. 100 ಆಮ್ಲಜನಕ ನೀಡಿ ಪ್ರತಿವಿಷ ಆರಂಭಿಸಬೇಕು. ವಯಸ್ಕರಿಗೆ ಹೈಡ್ರಾಕ್ಸೊಕೊಬಾಲಮಿನ್ 5 ಗ್ರಾಂ ರಕ್ತನಾಳದ ಮೂಲಕ. ಅದಿಲ್ಲದಿದ್ದರೆ ಸೋಡಿಯಂ ನೈಟ್ರೈಟ್, ಅದರ ಹಿಂದೆಯೇ ಸೋಡಿಯಂ ಥಯೋಸಲ್ಫೇಟ್. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಕೊಡುವವರಿಗೇ ಅಪಾಯ.

ಸಯನೈಡ್ ಅಪರೂಪ. ದೌರ್ಜನ್ಯಕ್ಕೆ ಮುನ್ನ ಪಾನೀಯದಲ್ಲಿ ನಿದ್ರೆಗುಳಿಗೆ ಬೆರೆಸುವುದು ಹೆಚ್ಚು ಸಾಮಾನ್ಯ. ಕುಡಿದದ್ದಕ್ಕೆ ಮೀರಿದ ಅಮಲು, ತೊದಲು ಮಾತು, ನಡುವಿನ ಹಲವು ಗಂಟೆಗಳ ನೆನಪೇ ಇಲ್ಲದಿರುವುದು ಇದರ ಸುಳಿವು. ಚಿಕಿತ್ಸೆಯೆಂದರೆ ಮುಖ್ಯವಾಗಿ ಶ್ವಾಸಮಾರ್ಗ ಕಾಯುವುದು, ನಿಗಾ ಇಡುವುದು. ಫ್ಲುಮಜೆನಿಲ್ ಎಂಬ ಪ್ರತ್ಯೌಷಧವಿದೆಯಾದರೂ ಅದು ಕೆಲವರಲ್ಲಿ ಸೆಳೆತ ತರಬಲ್ಲದು, ಎಲ್ಲರಿಗೂ ಕೊಡುವಂಥದ್ದಲ್ಲ.

ಸಾಕ್ಷ್ಯ ಬೇಗ ಕರಗುತ್ತದೆ. ರಕ್ತವನ್ನು ಕೂಡಲೇ, ಮೊದಲ ಮೂತ್ರವನ್ನು ಚೆಲ್ಲದೆ ಸಂಗ್ರಹಿಸಬೇಕು. ಮೂತ್ರದಲ್ಲಿ ಕೆಲವು ಔಷಧಗಳ ಕುರುಹು ಐದು ದಿನಗಳವರೆಗೂ ಸಿಗುವುದುಂಟು, ಆದ್ದರಿಂದ ತಡವಾಗಿ ಬಂದವರನ್ನು ಹಿಂದೆ ಕಳುಹಿಸಬಾರದು. ಅತ್ಯಾಚಾರ ಸಂತ್ರಸ್ತರಿಗೆ ತಕ್ಷಣ ಉಚಿತ ಚಿಕಿತ್ಸೆ ನೀಡುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂನಂತೆ ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯ. ಅಪರಾಧದ ಉದ್ದೇಶದಿಂದ ವಿಷ ಅಥವಾ ಅಮಲಿನ ಪದಾರ್ಥ ನೀಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂನಲ್ಲಿ 10 ವರ್ಷದವರೆಗೆ ಶಿಕ್ಷೆಯಿದೆ.

ಸಿದ್ಧಕಟ್ಟೆಯಂತಹ ಊರಿನಿಂದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಯವರೆಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿ ಬೇಡ. ಪ್ರಜ್ಞೆ ತಪ್ಪಿದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮಾತ್ರೆಯ ಪಟ್ಟಿ, ಕುಡಿದ ಲೋಟ, ವಾಂತಿಯಾದ ಬಟ್ಟೆ ಯಾವುದನ್ನೂ ತೊಳೆಯದೆ ಜತೆಯಲ್ಲೇ ಒಯ್ಯಬೇಕು. ವೈದ್ಯರಿಗೆ ಸಂದೇಹವಿದ್ದಲ್ಲಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.