ಎಂಟಾಣೆಯ ಎದುರಾಳಿ

1817ರ ನವೆಂಬರ್ 5ರಂದು ಖಡ್ಕಿಯ ಬಯಲಿನಲ್ಲಿ ಪೇಶ್ವೆಯ ಸೈನ್ಯ ಸೋತಿತು. ಆಮೇಲೆ ಪುಣೆಯಲ್ಲೂ ಖಡ್ಕಿಯಲ್ಲೂ ನೆಲೆಯೂರಿದ ಇಂಗ್ಲಿಷ್ ದಂಡಿಗೆ ಊರಿನ ಬಾಗಿಲಲ್ಲಿ ಮತ್ತೆ ಅಂಥ ಯುದ್ಧ ಎದುರಾಗಲಿಲ್ಲ. ಬೆಳಗಿನ ಕವಾಯತು ಮುಗಿದರೆ ಉಳಿದದ್ದು ಬಿಸಿಲು, ಬ್ಯಾರಕ್ಕು, ಹೆಂಡ. ಕೆಲಸವಿಲ್ಲದ ಸಿಪಾಯಿ ಕುಡಿದು ಕೆಡುತ್ತಾನೆ, ಬೇಸರಕ್ಕೆ ಜಗಳ ತೆಗೆಯುತ್ತಾನೆ, ಗುಹ್ಯರೋಗ ಹಚ್ಚಿಕೊಂಡು ಆಸ್ಪತ್ರೆ ಸೇರುತ್ತಾನೆ ಎಂಬುದು ಭಾರತದ ಎಲ್ಲ ದಂಡುಗಳ ಅಧಿಕಾರಿಗಳಿಗೂ ಇದ್ದ ತಲೆನೋವು. ಅದಕ್ಕೆ ಅವರು ಹುಡುಕಿಕೊಂಡ ಮದ್ದುಗಳಲ್ಲಿ ಅಗ್ಗದ್ದು ಆಟ. ಸೈನಿಕನ ಮೈಯನ್ನು ಪಳಗಿಸಲು, ಮನಸ್ಸನ್ನು ಕಾಯಲು ಆಟ ಬೇಕು ಎಂಬ ಮಾತನ್ನು ಇಂದು ಕಂಪ್ಯೂಟರ್ ಗೇಮುಗಳ ಬಗ್ಗೆ ಹೇಳುತ್ತಾರೆ. ಪುಣೆಯಲ್ಲಿ ಆ ಮಾತಿಗೆ ನೂರೈವತ್ತು ವರ್ಷದ ವಯಸ್ಸಾಗಿದೆ.

ಈ ದಂಡಿನ ಬೇಸರ ಜಗತ್ತಿಗೆ ಒಂದು ಆಟವನ್ನೇ ಕೊಟ್ಟಿತು. ಗರಿಯ ಚೆಂಡನ್ನು ನೆಲಕ್ಕೆ ಬೀಳದಂತೆ ಹೊಡೆಯುತ್ತ ಹೋಗುವ ಹಳೆಯ ಮಕ್ಕಳಾಟ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಇಲ್ಲಿನ ಅಧಿಕಾರಿಗಳು ನಡುವೆ ಬಲೆ ಕಟ್ಟಿ, ಗೆರೆ ಎಳೆದು, ಅದನ್ನು ಸೋಲು ಗೆಲುವಿನ ಆಟವಾಗಿಸಿಕೊಂಡರು. ಅದಕ್ಕೆ ಊರಿನ ಹೆಸರೇ ಬಿತ್ತು, ‘ಪೂನಾ’ ಎಂದು. ನಿಯಮಗಳನ್ನು ಮೊದಲು ಬರೆದಿಟ್ಟದ್ದೂ ಪುಣೆಯಲ್ಲೇ ಎಂದು ಹೇಳುವ ಆಟದ ಚರಿತ್ರೆಗಳು 1873ನೇ ಇಸವಿಯನ್ನು ಕೊಡುತ್ತವೆ. ರಜೆಯ ಮೇಲೆ ಹೋದವರು, ನಿವೃತ್ತರಾದವರು ಅದನ್ನು ತಾಯ್ನಾಡಿಗೆ ಒಯ್ದರು. ಅಲ್ಲಿ ಬೋಫರ್ಟ್ ಡ್ಯೂಕನ ಬಂಗಲೆಯ ಹೆಸರು ಅಂಟಿಕೊಂಡು ಪೂನಾ ಹೋಗಿ ಬ್ಯಾಡ್ಮಿಂಟನ್ ಆಯಿತು. 1893ರಲ್ಲಿ ಇಂಗ್ಲೆಂಡಿನ ಸಂಘ ಕಟ್ಟಿಕೊಂಡ ಮೇಲೆ ಪುಣೆಯ ನೆನಪೂ ಮಾಸಿತು. ಗಾಳಿ ಬೀಸಿದರೆ ಗರಿ ನಿಲ್ಲುವುದಿಲ್ಲವೆಂದು ಉಣ್ಣೆಯ ಚೆಂಡಿನಲ್ಲಿ ಆಡುವ ರೂಢಿ ಮಾತ್ರ ದಕ್ಷಿಣದಲ್ಲಿ ಉಳಿಯಿತು. ಕರ್ನಾಟಕದ ಎಷ್ಟೋ ಹೈಸ್ಕೂಲು ಮೈದಾನಗಳಲ್ಲಿ ಹುಡುಗರು ಆಡಿ ಬೆಳೆದ ಬಾಲ್ ಬ್ಯಾಡ್ಮಿಂಟನ್ ಅದೇ.

ಬ್ಯಾಡ್ಮಿಂಟನ್ನಿಗೆ ಒಂದು ಬಲೆ, ನಾಲ್ಕು ಜನ ಸಾಕು. ಕ್ರಿಕೆಟ್ಟಿಗೆ ಹಾಗಲ್ಲ. ಸಾಹೇಬರು ಬ್ಯಾಟು ಹಿಡಿಯಬೇಕಾದರೆ ಯಾರಾದರೂ ಪಿಚ್ಚಿಗೆ ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು, ಗೆರೆ ಬಳಿಯಬೇಕು, ಗಂಟೆಗಟ್ಟಲೆ ಚೆಂಡು ಎಸೆಯಬೇಕು. 1892ರ ಹೊತ್ತಿಗೆ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಈ ಕೆಲಸಕ್ಕೆ ಸೇರಿದ ಹುಡುಗ ಪಳವಣಕರ ಬಾಳೂ. ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ ಎಂದು ಒಂದು ಲೆಕ್ಕ, ಅದಕ್ಕೂ ಒಂದು ವರ್ಷ ಮೊದಲು ಎಂದು ಇನ್ನೊಂದು. ಮನೆತನದ ಮೂಲ ಕೊಂಕಣದ ಪಳವಣ. ಚರ್ಮದ ಕೆಲಸದ ಸಮುದಾಯ, ಊರು ಮುಟ್ಟಿಸಿಕೊಳ್ಳದ ಜಾತಿ. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಬಾಳೂ ಮತ್ತು ತಮ್ಮಂದಿರು ಆಟ ಕಲಿತದ್ದು ದಂಡಿನ ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು ಚೆಂಡುಗಳಲ್ಲಿ.

ಅದಕ್ಕೂ ಮೊದಲು ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ಬಾಳೂ ತಿಂಗಳಿಗೆ 3 ರೂಪಾಯಿಗೆ ದುಡಿಯುತ್ತಿದ್ದರು. ಯುರೋಪಿಯನ್ನರಲ್ಲಿ 4 ರೂಪಾಯಿ. ಅಲ್ಲಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ. ಜಿ. ಗ್ರೇಗ್, ಮುಂದೆ ಪಾದ್ರಿಯಾದವರು. ಉಳಿದವರು ಬರುವ ಮೊದಲೇ ನೆಟ್‌ಗೆ ಬಂದು ಈ ಎಡಗೈ ಸ್ಪಿನ್ನಿನ ಹುಡುಗನಿಂದ ಚೆಂಡು ಹಾಕಿಸಿಕೊಳ್ಳುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಮಾತಿದೆ. ಅದು ನಿಜವಾದರೆ ಸಾಹೇಬರನ್ನು ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ. ಇಷ್ಟೆಲ್ಲದರ ನಡುವೆ ಬಾಳೂ ಕೈಗೆ ಬ್ಯಾಟು ಮಾತ್ರ ಕೊಡಲಿಲ್ಲ. ತರಬೇತಿಗೆ ಎದುರಾಳಿ ಬೇಕಾಗಿದ್ದ, ಎದುರಾಳಿಗೆ ತರಬೇತಿ ಬೇಕಿರಲಿಲ್ಲ.

ಸೈನ್ಯದ ಮಂದಿ ಎದುರಾಳಿಯನ್ನು ಕೃತಕವಾಗಿ ಕಟ್ಟಿಕೊಳ್ಳುವ ಕಲೆಯನ್ನು ಆ ಹೊತ್ತಿಗಾಗಲೇ ಬಲ್ಲವರಾಗಿದ್ದರು. ಪ್ರಷ್ಯದ ರೈಸ್ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ, ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ ಸೇನಾ ಮುಖ್ಯರ ಮುಂದೆ ಇಟ್ಟಿದ್ದ. ನಕಾಶೆಯ ಮೇಲೆ ಕೆಂಪು, ನೀಲಿ ತುಂಡುಗಳು, ದಾಳ, ನಡುವೆ ಒಬ್ಬ ತೀರ್ಪುಗಾರ. 1870–71ರಲ್ಲಿ ಪ್ರಷ್ಯ ಫ್ರಾನ್ಸನ್ನು ಬಗ್ಗುಬಡಿದ ಮೇಲೆ ಇಂಗ್ಲಿಷರೂ ಆ ಆಟಕ್ಕೆ ತಮ್ಮ ನಿಯಮ ಬರೆದುಕೊಂಡರು. ಚದುರಂಗದ ನಾಡಿಗೆ ಇದರಲ್ಲಿ ಬೆರಗೇನಿಲ್ಲ. ಆದರೆ ಮೇಜಿನ ಮೇಲಿನ ಕೆಂಪು ತುಂಡು ಎದ್ದು ತನ್ನದೇ ತಂಡ ಸೇರುವುದಿಲ್ಲ. ಬಾಳೂ ಸೇರಿದರು.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಅವರ ಅತ್ಯುತ್ತಮ ಬ್ಯಾಟ್ಸ್‌ಮನ್ನನ ದೌರ್ಬಲ್ಯ ಬಲ್ಲವನು ಆ ನೆಟ್ಟಿನ ಹುಡುಗ. ತೆಗೆದುಕೊಳ್ಳಬೇಕೇ ಬೇಡವೇ ಎಂದು ಬ್ರಾಹ್ಮಣ ಆಟಗಾರರಲ್ಲಿ ವಾದವೆದ್ದು ಕೊನೆಗೆ ತೆಗೆದುಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನೊಳಗೆ, ಬಾಳೂ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ದಂಡಿನ ಕ್ಲಬ್ಬು ಬ್ಯಾಟು ಕೊಡಲಿಲ್ಲ, ಸ್ವಂತ ತಂಡ ಬಟ್ಟಲು ಕೊಡಲಿಲ್ಲ. ಎರಡರಲ್ಲಿ ಹೆಚ್ಚು ನೋಯಿಸುವುದು ಎರಡನೆಯದು. ಸತಾರಾದ ಬಿಳಿಯರ ಜಿಮ್ಖಾನಾದ ಎದುರಿನ ಪಂದ್ಯದಲ್ಲಿ ಅವರು ಏಳು ವಿಕೆಟ್ ಕಿತ್ತ ಮೇಲೆ ಮಹಾದೇವ ಗೋವಿಂದ ರಾನಡೆಯವರಂಥವರು ಬಹಿರಂಗವಾಗಿ ಬೆನ್ನು ತಟ್ಟಿದರು. ನಿಧಾನವಾಗಿ ಊಟದ ಪಂಕ್ತಿಯೂ ತೆರೆಯಿತು.

ಪುಣೆಯಿಂದ ಮುಂಬಯಿಗೆ ಹೋದ ಬಾಳೂ 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ತಂಡದ ಮುಖ್ಯ ಬೌಲರುಗಳಲ್ಲಿ ಒಬ್ಬರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 114 ವಿಕೆಟ್ ಪಡೆದರು. ತಂಡ ಸೋತು ಸುಣ್ಣವಾದ ಆ ಪ್ರವಾಸದಲ್ಲಿ ಹೇಳಿಕೊಳ್ಳಲು ಉಳಿದದ್ದು ಹೆಚ್ಚುಕಡಿಮೆ ಅದೊಂದೇ. ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲರಿಗೆ ದಕ್ಕಿತು. 1937ರ ಚುನಾವಣೆಯಲ್ಲಿ ಬಾಳೂ ನಿಂತದ್ದು ಅಂಬೇಡ್ಕರರ ಎದುರಿಗೆ, ಸೋತರು. ಅಂಬೇಡ್ಕರರೂ ಸೈನ್ಯದ ಮನೆಯಲ್ಲಿ, ಮ್ಹೌ ದಂಡಿನಲ್ಲಿ ಹುಟ್ಟಿದವರು.

ಸ್ವಾತಂತ್ರ್ಯ ಬಂದ ಮೇಲೆ ದಂಡು ಭಾರತೀಯ ಸೈನ್ಯದ್ದಾಯಿತು. ಖಡಕವಾಸ್ಲದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎದ್ದಿತು, 2001ರಲ್ಲಿ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಬಂತು. ಆಟದಿಂದ ಸೈನಿಕನ ಮನಸ್ಸು ನಿಲ್ಲುತ್ತದೆ ಎಂಬ ಮಾತು ಎಷ್ಟು ನಿಜ ಎಂದು ನೋಡಬೇಕಾದರೆ ಮಾತ್ರ ಪದಕಗಳ ಪಟ್ಟಿಗಿಂತ ಖಡ್ಕಿಯ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರದ ಕಡೆ ತಿರುಗಬೇಕು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಸೈನಿಕರಿಗಾಗಿ 1974ರಲ್ಲಿ ಶುರುವಾದ ಮನೆ ಅದು. ಅಲ್ಲಿ ಆಟ ಅಂದರೆ ಬಿಡುವಿನ ಮೋಜಲ್ಲ, ಚಿಕಿತ್ಸೆಯ ಭಾಗ. ಅದಕ್ಕೆ ಎರಡು ವರ್ಷ ಮೊದಲೇ ಮುರಳೀಕಾಂತ ಪೇಟ್ಕರ್ ದಾರಿ ತೋರಿಸಿದ್ದರು. ಸಾಂಗ್ಲಿ ಜಿಲ್ಲೆಯವರು, ಸೈನ್ಯದ ಇಎಂಇ ದಳದಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡೇಟು ಬಿದ್ದು ಕಾಲುಗಳ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದವರು 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ದೇಶದ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಸರ್ಕಾರ ನಲವತ್ತಾರು ವರ್ಷ ತೆಗೆದುಕೊಂಡಿತು.

ಇಷ್ಟರಲ್ಲಿ ಎದುರಾಳಿ ಪರದೆಯೊಳಗೆ ಸೇರಿಕೊಂಡಿದ್ದ. 1980ರ ದಶಕದ ಆರಂಭದಲ್ಲೇ ಅಮೆರಿಕದ ಸೈನ್ಯಕ್ಕಾಗಿ ಅಟಾರಿ ಕಂಪನಿ ತನ್ನ ‘ಬ್ಯಾಟಲ್‌ಝೋನ್’ ಆಟವನ್ನು ತಿದ್ದಿ ಬ್ರ್ಯಾಡ್ಲಿ ವಾಹನದ ಗುರಿಕಾರರ ತರಬೇತಿಗೆ ಮಾದರಿ ಮಾಡಿಕೊಟ್ಟಿತು. 1996ರಲ್ಲಿ ಮರೀನ್ ದಳ ‘ಡೂಮ್’ ಆಟವನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿತು. 2002ರ ಜುಲೈ 4ರಂದು ಅಮೆರಿಕದ ಭೂಸೇನೆಯೇ ‘ಅಮೆರಿಕಾಸ್ ಆರ್ಮಿ’ ಎಂಬ ಗೇಮನ್ನು ಪುಕ್ಕಟೆ ಹಂಚಿತು. ಅದರೊಳಗೆ ಒಂದು ಜಾಣತನವಿತ್ತು. ಎರಡು ತಂಡಗಳು ಪರಸ್ಪರ ಗುಂಡು ಹಾರಿಸಿದರೂ ಪ್ರತಿ ತಂಡಕ್ಕೂ ತಾನು ಅಮೆರಿಕದ ಸೈನಿಕರಂತೆ, ಎದುರಿನವರು ಶತ್ರುಗಳಂತೆ ಕಾಣುತ್ತಿತ್ತು. ಶತ್ರುವಿನ ಪಾತ್ರ ಯಾರೂ ವಹಿಸಬೇಕಾಗಿರಲಿಲ್ಲ. ಎಂಟಾಣೆಯೂ ಉಳಿಯಿತು.

ಭಾರತದಲ್ಲಿ ವಾಯುಪಡೆ 2014ರಲ್ಲೂ 2019ರಲ್ಲೂ ಮೊಬೈಲ್ ಗೇಮುಗಳನ್ನು ಹೊರತಂದಿತು, ಹುಡುಗರನ್ನು ಸೆಳೆಯಲು. ಭೂಸೇನೆಯ ಕಥೆ ಬೇರೆ. ಅಷ್ಟು ಹೊತ್ತಿಗೆ ದೇಶದ ಹುಡುಗರೆಲ್ಲರ ಕೈಯಲ್ಲಿ ಪಬ್‌ಜಿ ಇತ್ತು, ಸೈನಿಕರ ಫೋನುಗಳೂ ಹೊರತಾಗಿರಲಿಲ್ಲ. 2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರ ಜೊತೆ ಕಲ್ಲು, ದೊಣ್ಣೆಗಳ ಕಾದಾಟ ನಡೆದು ಇಪ್ಪತ್ತು ಜನ ತೀರಿಕೊಂಡರು. ಮರುತಿಂಗಳೇ ಸೈನ್ಯ ತನ್ನವರಿಗೆ 89 ಆ್ಯಪ್‌ಗಳನ್ನು ಫೋನಿನಿಂದ ಅಳಿಸಲು ಹೇಳಿತು. ಮಾಹಿತಿ ಸೋರುತ್ತದೆ ಎಂಬುದು ಕಾರಣ, ಪಟ್ಟಿಯಲ್ಲಿ ಪಬ್‌ಜಿಯೂ ಇತ್ತು. ಬ್ಯಾರಕ್ಕಿನ ಬೇಸರ ಕಳೆಯಲು ಆಟ ಕೊಟ್ಟ ಸಂಸ್ಥೆಯೇ, ಬ್ಯಾರಕ್ಕಿನವರು ತಾವಾಗಿ ಹುಡುಕಿಕೊಂಡ ಆಟವನ್ನು ಕಿತ್ತುಕೊಳ್ಳಬೇಕಾಯಿತು. ಸೆಪ್ಟೆಂಬರ್ 2ರಂದು ಸರ್ಕಾರ ಎಲ್ಲರಿಗೂ ಪಬ್‌ಜಿ ನಿಷೇಧಿಸಿತು.

ಖಾಲಿಯಾದ ಜಾಗಕ್ಕೆ ಎರಡೇ ದಿನದಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ‘ಫೌ-ಜಿ’ ಘೋಷಿಸಿತು. 2021ರ ಗಣರಾಜ್ಯೋತ್ಸವದಂದು ಬಂದ ಆಟದ ಮೊದಲ ಕಂತಿನ ಹಿನ್ನೆಲೆ ಗಲ್ವಾನ್. ಸತ್ತವರ ವರ್ಷವೂ ತುಂಬುವ ಮೊದಲೇ ಆ ಜಗಳ ಬೆರಳ ತುದಿಯ ಹೊಡೆದಾಟವಾಯಿತು. ವರಮಾನದ ಶೇಕಡ 20 ಹುತಾತ್ಮರ ಕುಟುಂಬಗಳ ‘ಭಾರತ್ ಕೆ ವೀರ್’ ನಿಧಿಗೆ ಎಂದಿದ್ದರು.

ಪುಣೆಯ ಸೂಪರ್‌ಗೇಮಿಂಗ್ ಕಂಪನಿ ತನ್ನ ಇಂಥದ್ದೇ ಗೇಮ್ ‘ಇಂಡಸ್’ ಅನ್ನು 2024ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಗಡಿಯಿಲ್ಲ, ಸಮವಸ್ತ್ರವಿಲ್ಲ, ಯಾವ ದೇಶದ ಹೆಸರೂ ಇಲ್ಲ. ವಿರ್ಲೋಕ್ ಎಂಬ ಕಲ್ಪನೆಯ ನೆಲ, ಸಿಂಧೂ ನಾಗರಿಕತೆಯ ಛಾಯೆ. ಅಲ್ಲಿ ಕಾದುವವರೆಲ್ಲ ದೂರದ ಒಂದು ಸಂಸ್ಥೆಗೆ ಸಂಬಳಕ್ಕೆ ದುಡಿಯುವ ಬಾಡಿಗೆಯವರು.